ಹೊಟ್ಟೆ ಸೀಳದ ಅಕ್ಷರ

"ಬ್ಲಾಗು ಮುಚ್ಚಿಬಿಡ್ತೀನಿ ರೀ," ಎಂದಳು ಹೆಂಡತಿ, ಕಾಫಿ ಲೋಟವನ್ನು ಗಂಡನ ಮುಂದಿಡುತ್ತಾ. ರಜೆಯ ದಿನದ ಬೆಳಗು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದನ್ನೇ ಮರೆತ.

"ಯಾಕೆ? ಚೆನ್ನಾಗೇ ಬರೀತಿದ್ದೆಯಲ್ಲ."

"ನಿಮಗೆ ಹೇಗೆ ಗೊತ್ತು? ಓದ್ತೀರಾ?"

"ನಾನೆಲ್ಲಿ ಓದ್ಲಿ. ಅಂಗಡೀಲಿ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ," ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ತಾನಾಗಿಯೇ ಜೇಬಿನ ಫೋನಿನ ಮೇಲೆ ಹೋಯಿತು.

ಓದದೆ ಏನು, ಅವಳ ಒಂದೊಂದು ಸಾಲೂ ಅವನಿಗೆ ಬಾಯಿಪಾಠ. ಮಗು ತೀರಿಕೊಂಡ ವಾರ ಅವಳು ಸೋಶಿಯಲ್ ಮೀಡಿಯಾದಲ್ಲಿ ಎರಡು ಸಾಲು ಹಾಕಿದ್ದಳು. ಅಳುವ ಮುಖಗಳು ರಾಶಿ ರಾಶಿ ಬಂದು ಬಿದ್ದವು. ಅದೇ ಜನ ಮರುದಿನ ಹೊಸ ಕಾರಿನ ಫೋಟೋ ಹಾಕಿ ಇವಳ ಲೈಕಿಗೆ ಕಾದರು. ಯಾರೋ ಒಬ್ಬ ಪುಣ್ಯಾತ್ಮ ಅವಸರದಲ್ಲಿ ಸಾವಿನ ಸುದ್ದಿಗೇ ಹೆಬ್ಬೆರಳು ಎತ್ತಿದ್ದ. ಅದನ್ನು ನೋಡಿದವಳು ಖಾತೆಯನ್ನೇ ಅಳಿಸಿಹಾಕಿದಳು. ಆಮೇಲೆ ಶುರುವಾದದ್ದು ಈ ಬ್ಲಾಗು. ಲೈಕಿಲ್ಲ, ಅಳುವ ಮುಖವಿಲ್ಲ, ಬರೆದುಕೊಂಡಷ್ಟೇ ಲಾಭ.

ಮನೆಯಲ್ಲಿ ಮಾತ್ರ ಆ ಮಾತೇ ಇರಲಿಲ್ಲ. ಹೊಟ್ಟೆ ಕೊಯ್ದು ತೆಗೆದ ಮಗು ಅಳಲೇ ಇಲ್ಲ. ತಾಯಿಗೆ ಎಚ್ಚರ ಬರುವಷ್ಟರಲ್ಲಿ ಇವನು ಅದನ್ನು ಮಣ್ಣು ಮಾಡಿ ಬಂದಿದ್ದ. "ಅವಳೆದುರು ಆ ಸುದ್ದಿ ಎತ್ತಬೇಡಪ್ಪ, ಕೆದಕಿದಷ್ಟೂ ಗಾಯ," ಎಂದಿದ್ದರು ಅವನ ದೊಡ್ಡಮ್ಮ. ಇವನು ತೊಟ್ಟಿಲನ್ನು ಅಟ್ಟಕ್ಕೆ ಹಾಕಿ ತುಟಿ ಹೊಲಿದುಕೊಂಡ. 'ನನ್ನ ಮಗಳನ್ನು ನಾನು ನೋಡಲೇ ಇಲ್ಲ. ನೋಡಿದವರು ಹೇಳುವುದಿಲ್ಲ. ನಮ್ಮ ಮನೆಯವರು ಕಲ್ಲು' ಎಂದು ಅವಳು ಬರೆದದ್ದನ್ನು ಓದಿದ ದಿನ, ಆ ಕಲ್ಲು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ಚಾಲೂ ಮಾಡಿಕೊಂಡು, ಅದರ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಿತು.

ಅವತ್ತೇ 'ದಾರಿಹೋಕ' ಎಂಬ ಹೆಸರಿನಲ್ಲಿ ಮೊದಲ ಕಾಮೆಂಟು ಬಿತ್ತು. ತಾನೂ ಮಗಳನ್ನು ಕಳೆದುಕೊಂಡವನು, ಅವಳ ಬೆರಳುಗಳು ಉದ್ದುದ್ದ ಇದ್ದವು, ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು ಎಂದು. ಅವಳು ಉತ್ತರ ಬರೆದಳು. ಇವನು ಮತ್ತೆ ಬರೆದ. ಎದುರಾಬದುರು ಕೂತು ಆಡಬೇಕಾದ ಮಾತು ಅಡುಗೆಮನೆಯಿಂದ ಅಂಗಡಿಗೆ, ಅಂಗಡಿಯಿಂದ ಅಡುಗೆಮನೆಗೆ ಹೀಗೆ ಓಡಾಡತೊಡಗಿತು.

"ಓದೋರು ಒಬ್ಬರಾದ್ರೂ ಇರ್ತಾರಲ್ಲ, ಅವರಿಗೆ ಬೇಜಾರಾಗಲ್ವಾ?" ಎಂದ ಈಗ, ಲೋಟದೊಳಗೆ ಮುಖವಿಟ್ಟು.

"ಒಬ್ಬರಿದಾರೆ, ದಾರಿಹೋಕರು ಅಂತ. ಬೆಳಗೆದ್ದು ಹಲ್ಲುಜ್ಜೋಕೂ ಮುಂಚೆ ಅವರೇನಾದ್ರೂ ಬರೆದ್ರಾ ಅಂತ ನೋಡ್ತೀನಿ. ಆಗ ಲೈಕು ಎಣಿಸ್ತಿದ್ದೆ, ಈಗ ಇವರಿಗೆ ಕಾಯ್ತೀನಿ. ಮನೇಲಿ ಮನುಷ್ಯರನ್ನ ಇಟ್ಕೊಂಡು ಫೋನಿನ ಮುಂದೆ ಕಾಯೋದು. ಇದೂ ಒಂದು ಬಾಳಾ?"

ಅವನಿಗೆ ತನ್ನ ಮೇಲೆ ತನಗೇ ಹೊಟ್ಟೆಕಿಚ್ಚಾಯಿತು. ಅವಳು ಫೋನನ್ನು ಅವನತ್ತ ತಳ್ಳಿದಳು. "ಅವರ ಕೊನೇ ಕಾಮೆಂಟು. ಓದಿ ನೋಡಿ."

'ದೈರ್ಯ ತಂದುಕೊಳ್ಳಿ. ಸಮಾದಾನ ಮಾಡಿಕೊಳ್ಳಿ.' ಬೇರೆ ಯಾರದೋ ಮಾತನ್ನು ಓದುವವನಂತೆ ನಟಿಸುತ್ತಾ ಓದಿದ. ಅವಳ ಬೆರಳು ಪರದೆಯ ಮೇಲೆ ಎರಡು ಕಡೆ ನಿಂತಿತು.

"ಎರಡಕ್ಕೂ ಹೊಟ್ಟೆ ಸೀಳಿಲ್ಲ."

ಅವಳು ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಮದುವೆಯಾದ ಹೊಸದರಲ್ಲಿ ಇವನು ಅಂಗಡಿಯ ಬಾಗಿಲಿಗೆ 'ಅರ್ದ ಬೆಲೆ' ಎಂದು ಬರೆದು ತೂಗುಹಾಕಿದ್ದ. "ಮಹಾಪ್ರಾಣ ರೀ ಅದು, ಹೊಟ್ಟೆ ಸೀಳಬೇಕು," ಎಂದು ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದಾಗ, "ಓದಿದರೆ ಅರ್ಥ ಆಗುತ್ತಲ್ಲೇ, ಪಾಪ, ಅದರ ಹೊಟ್ಟೆ ಯಾಕೆ ಸೀಳ್ತೀಯ," ಎಂದು ನಕ್ಕಿದ್ದ. ಊರಿಗೆಲ್ಲ ಅಕ್ಷರ ಓದಿಸಿ ಕಣ್ಣು ಪರೀಕ್ಷಿಸುವವನಿಗೆ ಅಕ್ಷರ ತಪ್ಪಿಲ್ಲದೆ ಬರೆಯಲು ಮಾತ್ರ ಇವತ್ತಿಗೂ ಬಂದಿಲ್ಲ.

"ಯಾವಾಗ ಗೊತ್ತಾಯ್ತು?" ಎಂದ, ಫೋನನ್ನು ಅವಳತ್ತ ಸರಿಸುತ್ತಾ.

"ಮೊದಲನೇ ದಿನವೇ."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ದಿರಿ. ಮಗಳ ಬೆರಳು, ಕಿವಿ ಹಿಂದಿನ ಮಚ್ಚೆ, ಇದೆಲ್ಲ ನನಗೆ ಇನ್ನೆಲ್ಲಿ ಸಿಗ್ತಿತ್ತು? ಸೀಳಿದ್ದು ಒಂದು ಹೊಟ್ಟೆ ಸಾಕು ಅಂತ ತಿದ್ದದೆ ಸುಮ್ಮನಿದ್ದೆ." ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಬ್ಲಾಗು ಇವತ್ತಿಗೆ ಮುಚ್ತಿದೀನಿ. ದಾರಿಹೋಕರು ಇನ್ನು ಬರಲ್ಲ. ಉಳಿದದ್ದನ್ನ ನೀವೇ ಹೇಳಬೇಕು. ಎಷ್ಟುದ್ದ ಇದ್ದಳು?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಮೇಜಿನ ಮೇಲೆ ಎತ್ತಿದ. ಒಂದು ತಲೆಯ ಕೆಳಗೆ, ಇನ್ನೊಂದು ಪುಟ್ಟ ಕಾಲುಗಳ ಕೆಳಗೆ.

"ಇಷ್ಟು," ಎಂದ.

ಅವಳು ಆ ಎರಡು ಕೈಗಳ ನಡುವಿನ ಜಾಗವನ್ನು ನೋಡುತ್ತಾ ಕೂತಳು. ಕಾಫಿ ಆರಿತು. ಆ ಕೈಗಳನ್ನು ಕೆಳಗಿಳಿಸಲು ಅವನಿಂದ ಆಗಲಿಲ್ಲ.