ಫೋನ್ ಎತ್ತಿದರೆ ಇಂಟರ್‌ನೆಟ್ ಇಲ್ಲ

ಚಳ್ಳಕೆರೆಯ ತನ್ನ ಸೈಬರ್ ಸೆಂಟರಿನಲ್ಲಿ ಮಲ್ಲಿಕ್ ಫೋನಿನಲ್ಲಿ ಮಾತಾಡುತ್ತಲೇ ಹಾಳೆಯೊಂದನ್ನು ಪ್ರಿಂಟ್ ತೆಗೆದು ಕೌಸರಳ ಕೈಗಿಟ್ಟ. ಮಗನ ಜ್ವರಕ್ಕೆ ತಂದಿದ್ದ ಮಾತ್ರೆಯ ಬಗ್ಗೆ ಇಂಟರ್‌ನೆಟ್ಟಿನಲ್ಲಿ ನೋಡಿಕೊಡೆಂದು ಅವಳು ಕೇಳಿದ್ದಳು. ಆ ಮಾತ್ರೆಯನ್ನು ಮಕ್ಕಳಿಗೆ ಧಾರಾಳವಾಗಿ ಕೊಡಬಹುದೆಂದು ಅದರಲ್ಲಿತ್ತು.

ಕೌಸರ್ ಹಾಳೆ ಮಡಚಲಿಲ್ಲ. ಫೋನ್ ಎತ್ತಿದರೆ ಇಂಟರ್‌ನೆಟ್ ಇಲ್ಲ ಎಂದು ಇವನೇ ಗೋಡೆಗೆ ಬರೆದು ಅಂಟಿಸಿದ್ದಾನಲ್ಲ. ಫೋನಿಗೂ ಇಂಟರ್‌ನೆಟ್ಟಿಗೂ ಸೇರಿ ಇಡೀ ಅಂಗಡಿಗೆ ಒಂದೇ ಲೈನು.

"ಅಣ್ಣಾ, ನೀವು ಫೋನಿನಾಗಿದ್ರಿ. ಇದು ಎಲ್ಲಿಂದ ಬಂತು?"

"ಎಲ್ರೂ ಈ ಮಾತ್ರೆ ಬಗ್ಗೇನೇ ಕೇಳ್ತಾರಕ್ಕ. ಈ ಅಂಗಡಿ ಶುರು ಮಾಡಿದಾಗಲೇ ಒಂದ್ಸಲ ತೆಗೆದು ಕಂಪ್ಯೂಟರಿನಾಗೆ ಇಟ್ಟೀನಿ."

"ಅಂದ್ರೆ ಐದು ವರ್ಷದ ಹಿಂದಿಂದು! ಫೋನ್ ಇಡ್ರಿ. ಇವತ್ತಿಂದು ತೆಗೀರಿ."

ಮಲ್ಲಿಕ್ ನಗುತ್ತಲೇ ಫೋನ್ ಇಟ್ಟು ತೆಗೆದ. ಪುಟ ಒಂದೊಂದೇ ಸಾಲಾಗಿ ಇಳಿಯಿತು. ‘ಮಕ್ಕಳಿಗೆ ಕೊಡಕೂಡದು’ ಎಂಬಲ್ಲಿಗೆ ಬಂದಾಗ ಅವನ ನಗು ನಿಂತಿತು. ಇಂಟರ್‌ನೆಟ್ ಕಡಿದುಹೋದರೂ ಲೆಕ್ಕಿಸದೆ ಫೋನ್ ಎತ್ತಿ ಮನೆಯಲ್ಲಿದ್ದ ಹೆಂಡತಿಗೆ ಹಚ್ಚಿದ.

"ದಾಕ್ಷಾಯಿಣಿ, ಪಾಪುಗೆ ಇನ್ಮ್ಯಾಲೆ ಆ ಜ್ವರದ ಮಾತ್ರೆ ಕೊಡಬ್ಯಾಡ ಕಣೇ!"