ಪಟದ ಮುಂದಿನ ಹೊಗೆ

ವಿಯೆಟ್ನಾಮಿನ ಹಳ್ಳಿಯೊಂದರಲ್ಲಿ ವೃದ್ಧ ದಂಪತಿಯ ಮನೆಯಲ್ಲಿ ತಂಗಿದ್ದ ನಾನು ಬೆನ್ನಚೀಲದಿಂದ ಮೈಸೂರಿನ ಊದುಬತ್ತಿ ತೆಗೆದು, ಗೋಡೆಯ ಮೇಲಿದ್ದ ತರುಣ ಸೈನಿಕನ ಪಟದ ಮುಂದೆ ಗೌರವದಿಂದ ಹಚ್ಚಿದೆ. ನನಗೆ ದುಭಾಷಿಯಾಗಿದ್ದ ಅವರ ಮೊಮ್ಮಗಳು ಬೆಚ್ಚಿಬಿದ್ದಳು.

"ಅಯ್ಯೋ, ನಮ್ಮಲ್ಲಿ ಪಟಕ್ಕೆ ಧೂಪ ಸತ್ತವರಿಗೆ ಮಾತ್ರ! ಯುದ್ಧಕ್ಕೆ ಹೋದ ಚಿಕ್ಕಪ್ಪ ಬಂದೇ ಬರುತ್ತಾನೆಂದು ಅಜ್ಜ, ಅಜ್ಜಿ ಇನ್ನೂ ಕಾಯುತ್ತಿದ್ದಾರೆ."

ಆರಿಸಲು ಹೋದ ನನ್ನನ್ನು ಅಜ್ಜ ತಡೆದ. ಅವನು ಪಿಸುಗುಟ್ಟಿದ್ದನ್ನು ಅವಳು ತಡವರಿಸುತ್ತ ತಿಳಿಸಿದಳು:

"ಉರಿಯಲಿ ಬಿಡಿ. ಧೂಪ ಕಾಣದ ಅವನ ಆತ್ಮ ಅಂಗಳದಲ್ಲಿ ಅಲೆಯುವುದು ನನಗೆ ಕೇಳಿಸುತ್ತದೆ. ಆದರೆ ಅಜ್ಜಿಗೆ ತಿಳಿಯಬಾರದು; ಅವಳು ಬದುಕಿರುವುದೇ ಆ ನಿರೀಕ್ಷೆಯಲ್ಲಿ."

ಅಜ್ಜಿ ಸಂತೆಯಿಂದ ಬರುವಷ್ಟರಲ್ಲಿ ಕಿಟಕಿ ತೆರೆದು ಹೊಗೆಯನ್ನೆಲ್ಲ ಅಟ್ಟಿದೆವು.

ಮರುದಿನ ಅಜ್ಜ ನೆರೆಮನೆಗೆ ಚಹಾಕ್ಕೆಂದು ಹೋದೊಡನೆ, ಅಜ್ಜಿ ನನ್ನ ತೋಳು ಹಿಡಿದು ಮೊಮ್ಮಗಳ ಕಿವಿಯಲ್ಲಿ ಏನನ್ನೋ ಹೇಳಿದಳು.

"ಇನ್ನೊಂದು ಊದುಬತ್ತಿ ಇದೆಯೇ ಎಂದು ಕೇಳುತ್ತಿದ್ದಾಳೆ," ಎಂದಳು ಹುಡುಗಿ. "ಅಜ್ಜನಿಗೆ ತಿಳಿಯಬಾರದಂತೆ."