ಯಜಮಾನರ ಚಪ್ಪಲಿ

ಒಂಟಿಯಾಗಿದ್ದ ಮೂವರು ಹೆಂಗಸರ ಕೊಲೆಯಾದ ಮೇಲೆ ಆ ಬಡಾವಣೆಯಲ್ಲಿ ಯಾರೂ ಗುರುತಿಲ್ಲದವರಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ಸರ್ವಮಂಗಳಳೂ ಅಷ್ಟೆ. ಆದರೆ ಬೆಳಗಿನಿಂದ ಸ್ಟೌ ಹತ್ತದೆ, ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ರಿಪೇರಿಯವನನ್ನು ಕರೆದುಬಿಟ್ಟಿದ್ದಳು. ಈಗ ಅವನು ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಕೂತು ಬರ್ನರ್ ಉಜ್ಜುತ್ತಿದ್ದ. ಅವಳು ಸಿಂಕಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಆಚೆ ಹೋಗಬೇಕೆಂದರೆ ಅವನನ್ನು ದಾಟಿಯೇ ಹೋಗಬೇಕು.

"ಯಜಮಾನ್ರು ಇಲ್ವಾ ಅಕ್ಕಾ?"

"ಇದ್ದಾರೆ. ರೂಮಲ್ಲಿ ಮಲಗಿದ್ದಾರೆ."

"ಈ ಹೊತ್ತಲ್ಲಿ ನಿದ್ದೆನಾ? ಪುಣ್ಯವಂತರು ಬಿಡಿ. ಬಾಗಿಲಲ್ಲಿ ಅವರ ಚಪ್ಪಲಿ ನೋಡ್ದೆ."

ಅವಳಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಮನೆಯಾಕೆಯ ಮಾತು ಕೇಳಿ ಒಂದು ಜೊತೆ ಗಂಡಸರ ಚಪ್ಪಲಿ ಕೊಂಡು ಹೊರಗಿಟ್ಟದ್ದು ಒಳ್ಳೆಯದೇ ಆಯಿತು.

"ಒಳ್ಳೇ ಚಪ್ಪಲಿ, ಅಂಗಡಿಯಿಂದ ತಂದ ಹಾಗೇ ಇದೆ" ಎಂದ ಅವನು, ಬರ್ನರ್ ಕೆಳಗಿಡುತ್ತಾ. "ಆ ಮೂರು ಮನೆ ಮುಂದೆನೂ ಹೊಸ ಚಪ್ಪಲಿನೇ ಇತ್ತು. ಒಂದು ದಿನವೂ ಯಾರೂ ಮೆಟ್ಟಿರಲಿಲ್ಲ."

"ಯಾವ... ಮೂರು ಮನೆ?"

ಅವನು ಎದ್ದು, ಕೈ ಒರೆಸಿಕೊಂಡು, ಅಡುಗೆಮನೆಯ ಬಾಗಿಲನ್ನು ಎಳೆದು ಒಳಗಿನಿಂದ ಚಿಲಕ ಹಾಕಿದ.

"ಯಾಕಪ್ಪಾ ಬಾಗಿಲು ಹಾಕ್ತೀಯಾ? ನಿನಗೆ ನಾನೇನು ಮಾಡಿದೀನಿ?"

"ನಮ್ಮಮ್ಮನೂ ಹೀಗೇ ಬಾಗಿಲಲ್ಲಿ ಗಂಡಸರ ಚಪ್ಪಲಿ ಇಡ್ತಿದ್ಲು ಅಕ್ಕಾ. ದಿನಾ ಸ್ಕೂಲಿಂದ ಬಂದು, ಚಪ್ಪಲಿ ನೋಡಿ, ಅಪ್ಪ ಬಂದ್ರು ಅಂತ ಒಳಗೆ ಓಡ್ತಿದ್ದೆ."